ಅಜ್ಜ ಕೆಮ್ಮಿದ ಮೇಲೆ

ನಮ್ಮೂರಿನಲ್ಲಿ ಎದ್ದ ಕೂಡಲೇ ಯಾರೂ ಮಾತಾಡುವುದಿಲ್ಲ. ಮಾಳಿಗೆಯ ಮೇಲೆ ಗೊರವಂಕ ಬಂದು ಕೂತು ಏನು ಹೇಳುತ್ತದೋ ಅದನ್ನು ಕೇಳಿಸಿಕೊಂಡ ಮೇಲೆಯೇ ಬಾಯಿ ತೆರೆಯುವುದು, ಒಲೆ ಹಚ್ಚುವುದು, ಸೊಸೆಯಂದಿರನ್ನು ಬೈಯುವುದು. ಬೇರೆ ಊರುಗಳಲ್ಲಿ ಗೊರವಂಕಗಳು ಬರೀ ಕಿಚಿಪಿಚಿ ಅನ್ನುತ್ತವಂತೆ. ಇದ್ದರೂ ಇರಬಹುದು, ನಾನೇನು ನೋಡಿಲ್ಲ. ನಮ್ಮಲ್ಲಿ ಅವು ಅಡವಿಯಜ್ಜನ ಮಾತುಗಳನ್ನು ಮಾತ್ರ ಆಡುತ್ತವೆ.

ಅಡವಿಯಜ್ಜ ನಮ್ಮ ಮುತ್ತಜ್ಜಂದಿರ ಕಾಲದವನು. ಊರ ಅಂಚಿನ ಕಾಡಿನಲ್ಲಿ ಗುಡಿಸಲು ಹಾಕಿಕೊಂಡು ಒಬ್ಬನೇ ಇದ್ದ. ಇರುವೆ, ಬೇರು, ನೀರು, ಮೋಡ ಇವನ್ನೇ ನೋಡುತ್ತ ಕೂತು, ಅವುಗಳ ಮೇಲೆ ದೊಡ್ಡ ದೊಡ್ಡ ಪುಸ್ತಕ ಬರೆದನಂತೆ. ಪುಸ್ತಕಗಳನ್ನೆಲ್ಲ ಗೆದ್ದಲು ತಿಂದು ಮುಗಿಸಿದವು. ಅಜ್ಜ ಬದುಕಿದ್ದರೆ ಗೆದ್ದಲಿನ ಪರವಾಗಿಯೇ ವಾದ ಮಾಡುತ್ತಿದ್ದ, ಅಂಥ ಮನುಷ್ಯ. ಆದರೆ ಆತನಿಗೊಂದು ಅಭ್ಯಾಸವಿತ್ತು. ಒಂದು ವಾಕ್ಯ ಬರೆಯುವ ಮೊದಲು ಅದನ್ನು ಗಟ್ಟಿಯಾಗಿ ಹೇಳಿ ಹೇಳಿ ನೋಡುತ್ತಿದ್ದ. ಸೂರಿನಲ್ಲಿದ್ದ ಗೊರವಂಕಗಳು ಕೇಳಿ ಕಲಿತವು, ಮರಿಗಳಿಗೆ ಕಲಿಸಿದವು, ಆ ಮರಿಗಳ ಮರಿಗಳು ಈಗ ನಮ್ಮ ಮಾಳಿಗೆಗಳ ಮೇಲೆ ಕೂತು ಅದನ್ನೇ ಹೇಳುತ್ತಿವೆ.

ಯಾವ ಮನೆಯ ಮೇಲೆ ಯಾವ ಮಾತು ಬಿತ್ತೋ, ಆ ಮನೆ ಆ ದಿನ ಅದನ್ನು ನಡೆಸಬೇಕು. 'ನೀರಿಗೆ ದಾರಿ ತೋರಿಸಬೇಡ, ದಾರಿ ಬಿಡು' ಅಂದರೆ ಅವತ್ತು ಆ ಮನೆಯವರು ಬೇರೆ ಕೆಲಸ ಬಿಟ್ಟು ಗಟಾರ ಬಳಿಯುತ್ತಾರೆ. 'ಬೇರು ಕತ್ತಲೆಯಲ್ಲಿ ದುಡಿಯುತ್ತಿದೆ, ನೀನು ಮಲಗು' ಅಂದರೆ ಇಡೀ ಮನೆ ಹಾಸಿಗೆ ಬಿಟ್ಟು ಏಳುವಂತಿಲ್ಲ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಆ ಮಾತು ಬೀಳಲಪ್ಪಾ ಅಂತ ದಿನಾ ಬೇಡಿಕೊಳ್ಳುತ್ತಿದ್ದೆ. ನಡೆಸದಿದ್ದರೆ ಏನಾಗುತ್ತದೆ ಎಂದು ಕೇಳುವವರಿಗೆ ನಾವು ಹಿರೇಮನಿಯವರ ಮನೆ ತೋರಿಸುತ್ತೇವೆ. ಅಲ್ಲಿ ಬೀಸುವ ಕಲ್ಲಿನ ನಡುವಿನಿಂದ ಎದ್ದ ಅತ್ತಿಮರ ಮಾಳಿಗೆ ಒಡೆದು ಮೇಲೆ ಹೋಗಿದೆ. ಮನೆಯವರು ಏನಾದರೋ ಯಾರಿಗೂ ಗೊತ್ತಿಲ್ಲ. ಈಗ ಅದರ ನೆರಳಿನಲ್ಲಿ ಊರವರು ಎಮ್ಮೆ ಕಟ್ಟುತ್ತಾರೆ.

ನನ್ನ ಗಂಡನ ಅಕ್ಕ ಕಾಶವ್ವನಿಗೆ ಈ ಮಾತುಗಳನ್ನು ಕೂಡಿಡುವುದೇ ಬದುಕು. ಮದುವೆಯಾಗಲಿಲ್ಲ, ಆಗುತ್ತೇನೆಂದು ಅನ್ನಲೂ ಇಲ್ಲ. ಬೆಳಗಾದರೆ ಓಣಿ ಓಣಿ ತಿರುಗಿ, ಗೋಡೆಗೆ ಒರಗಿ, ಕತ್ತು ಮೇಲೆತ್ತಿ ನಿಲ್ಲುವುದು. ಹೊಸ ಮಾತೊಂದು ಸಿಕ್ಕಿದರೆ ಓಡಿ ಬಂದು ನಮ್ಮ ಮನೆಯ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಬರೆಯುವುದು. ಪಡಸಾಲೆ ತುಂಬಿತು, ಅಡುಗೆಮನೆ ತುಂಬಿತು, ಬಚ್ಚಲನ್ನೂ ಬಿಡಲಿಲ್ಲ. ಹಬ್ಬಕ್ಕೆ ಸುಣ್ಣ ಬಳಿಯೋಣ ಅಂದರೆ ಮೈಮೇಲೆ ಬರುತ್ತಿದ್ದಳು. "ಅಕ್ಕಾರ, ನಾ ಒಗ್ಗರಣಿ ಹಾಕೂ ಮುಂದ ಅಜ್ಜ ಎದುರಿಗೆ ಕುಂತು 'ಹೊಗೆಯೂ ಒಂದು ಮೋಡವೇ' ಅಂತ ಹೇಳತಾನ್ರೀ, ಕಣ್ಣು ನಂದು ಉರೀತೈತಿ," ಅಂದರೆ ಬಿದ್ದು ಬಿದ್ದು ನಗುವಳು. ಆದರೆ ಒಂದು ಮಾತಿಗೂ ಸುಣ್ಣ ತಾಗಿಸಲು ಬಿಡುತ್ತಿರಲಿಲ್ಲ.

ಪಡಸಾಲೆಯಲ್ಲಿ, ತಲೆಬಾಗಿಲಿನ ಪಕ್ಕ, ಒಂದು ಸಾಲು ಮಾತ್ರ ಅರ್ಧಕ್ಕೆ ನಿಂತಿತ್ತು. 'ಕಾಡು ಕೇಳಿದ್ದನ್ನು ಮನೆ ಕೊಡಲೇಬೇಕು.' ಅದರ ಮುಂದೆ ಒಂದು ಮೊಳ ಗೋಡೆ ಖಾಲಿ. ಮನೆಗೆ ಬಂದವರು ಆ ಕಡೆ ಮುಖ ಹಾಕಿ ಕೂರುತ್ತಿರಲಿಲ್ಲ. ಊರಿನಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, 'ಆ ಮಾತು' ಅನ್ನುತ್ತಾರೆ, ಅಷ್ಟೆ.

ಆ ಮಾತು ಬಿದ್ದ ಮನೆ ಮಾರನೆಯ ದಿನ ಹೊತ್ತು ಮುಳುಗುವುದರೊಳಗೆ ಒಬ್ಬರನ್ನು ಕಾಡಿಗೆ ಕಳಿಸಿಕೊಡಬೇಕು. ಹಿರೇಮನಿಯವರು ಏನನ್ನೂ ಕೊಡಲಿಲ್ಲ, ಅತ್ತಿಮರ ಎದ್ದಿತು. ಅವರ ನಂತರ ಆ ಮಾತು ಬಿದ್ದ ಮನೆಯವರು ಮುದುಕಿಯೊಬ್ಬಳನ್ನು ಕಳಿಸಿದರು, ಮನೆ ಉಳಿಯಿತು. ಅಲ್ಲಿಂದ ಅದೇ ರೂಢಿ. ಹೆಣ್ಣುಮಗಳಾದರೆ ಬರಿ ಉಡಿಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಜೋಳ, ಕಡಲೆ, ಹೆಸರು, ಎಳ್ಳು, ಮನೆಯಲ್ಲಿ ಬಿತ್ತನೆಗೆ ಇಟ್ಟ ಕಾಳನ್ನೇ ತಂದು ಉಡಿ ತುಂಬುತ್ತೇವೆ. ಗಂಡಸಾದರೆ ಟವೆಲ್ಲಿನಲ್ಲಿ ಅದೇ ಕಾಳಿನ ಗಂಟು. ಆಮೇಲೆ ಊರೆಲ್ಲ ಬಾಗಿಲು ಹಾಕಿಕೊಳ್ಳುತ್ತದೆ. ಯಾಕೆಂದರೆ ಹೋದವರು ಕೆಲವು ಸಲ ದೀಪ ಹಚ್ಚುವ ಹೊತ್ತಿಗೆ ಬಂದು ಬಾಗಿಲು ಬಡಿಯುತ್ತಾರೆ, ಹೆಸರು ಹಿಡಿದು ಕರೆಯುತ್ತಾರೆ. ಅದು ಅವರಲ್ಲ, ಅವರ ದನಿಯಲ್ಲಿ ಕಾಡೇ ಉಳಿದವರನ್ನು ಕರೆಯಲು ಬಂದಿದೆ ಎಂದು ಹಿರಿಯರು ಹೇಳಿದ್ದಾರೆ. ಹಾಗಾಗಿ ಯಾರೂ ತೆಗೆಯುವುದಿಲ್ಲ, ಬೆಳಗಾದರೆ ಹೊಸ್ತಿಲ ಹೊರಗೆ ಯಾರೂ ಇರುವುದಿಲ್ಲ.

ಕಾಶವ್ವನ ತಾಯಿ ಹೋದದ್ದು ಹಾಗೆಯೇ. ಆಗ ಕಾಶವ್ವ ಇನ್ನೂ ಲಂಗ ಉಡುವ ಹುಡುಗಿ, ನನ್ನ ಗಂಡ ಮೊಲೆಗೂಸು. ಸಂಜೆ ಬಾಗಿಲು ಬಡಿದ ಸದ್ದಾಯಿತಂತೆ. ನಮ್ಮ ಮಾವ ಮಲಕಾಜಪ್ಪನವರು ಅಗಳಿಗೆ ಎದೆ ಕೊಟ್ಟು ನಿಂತಿದ್ದರಂತೆ. ಅವತ್ತಿನಿಂದ ಮಾವ ಬೇಕಾದಷ್ಟೇ ಮಾತಾಡುವವರು. ಊಟ, ನೀರು, ಸಾಕು, ಹೂಂ. ನನಗೆ ಅವರ ದನಿ ಹೇಗಿದೆ ಎಂಬುದೇ ಮರೆತುಹೋಗುವಷ್ಟು.

ಒಂದು ಬೆಳಗ್ಗೆ ನಾನು ನೀರೊಲೆಗೆ ಕಟ್ಟಿಗೆ ಇಡುತ್ತಿದ್ದೆ. ನಮ್ಮ ಮಾಳಿಗೆಯ ಮೇಲೆ ಗೊರವಂಕ ಕೂತಿತು. ಗಂಟಲು ಸರಿಮಾಡಿಕೊಂಡು ಸ್ಪಷ್ಟವಾಗಿ ಹೇಳಿತು: "ಕಾಡು ಕೇಳಿದ್ದನ್ನು ಮನೆ ಕೊಡಲೇಬೇಕು."

ಕೈಯಲ್ಲಿದ್ದ ಕಟ್ಟಿಗೆ ಕಾಲ ಮೇಲೆ ಬಿದ್ದದ್ದು ನನಗೆ ಗೊತ್ತಾಗಲಿಲ್ಲ. ಅಷ್ಟರಲ್ಲಿ ಓಣಿಯ ತುಂಬ ತಾಟು ಬಡಿಯುವ ಸದ್ದು ಎದ್ದಿತು. ಆ ಮಾತು ಎರಡು ಸಲ ಬಿದ್ದರೆ ಇಬ್ಬರನ್ನು ಕಳಿಸಬೇಕಾದೀತು, ಇಲ್ಲವೇ ಹಕ್ಕಿ ಪಕ್ಕದ ಮನೆಗೂ ಹೋಗಿ ಹೇಳೀತು ಎಂದು, ಕೇಳಿದ ಕೂಡಲೇ ಎಲ್ಲರೂ ತಾಟು ತಂದು ಬಡಿಯುತ್ತಾರೆ. ಹಕ್ಕಿ ಹೆದರಿ ಹಾರಿಹೋಯಿತು. ನಮ್ಮ ಮನೆಯಲ್ಲಿ ಇರುವವರು ನಾವು ನಾಲ್ಕೇ ಜನ.

ಕಾಶವ್ವ ಓಡಿ ಬಂದಳು. ಅಳಲಿಲ್ಲ, ಕೂಗಾಡಲಿಲ್ಲ. ನನ್ನ ರಟ್ಟೆ ಹಿಡಿದು ಅಲುಗಾಡಿಸಿದಳು. "ಸಾತೂ, ಕೆಮ್ಮಿತಲ್ಲ? ನೀ ಕೇಳಿದಿಲ್ಲೋ? ತಾಟಿನ ಸದ್ದಿನಾಗ ಕೆಮ್ಮಿತು!"

"ಏನ ಮಾತಾಡತೀರಿ ಅಕ್ಕಾರ, ನಿಮಗ ತಲಿ ಕೆಟ್ಟೈತಿ," ಅಂದೆ.

"ಅಜ್ಜ ಒಂದು ಮಾತು ಅರ್ಧ ಹೇಳಿ, ಕೆಮ್ಮಿ, ಆಮ್ಯಾಲೆ ಮುಗಸತಿದ್ದ. ಹಕ್ಕಿಗೊಳು ಕೆಮ್ಮನ್ನೂ ಕಲತಾವು. 'ಹಸಿದವನಿಗೆ ಹಣ್ಣು ಕೊಡಬೇಡ' ಅಂತೈತಿ, ಕೆಮ್ಮತೈತಿ, 'ಮರ ತೋರಿಸು' ಅಂತೈತಿ. ಅರ್ಧಕ್ಕ ಓಡಿಸಿದ್ರ ಊರಾಗ ಹಸದವರಿಗೆ ಒಂದು ಹಣ್ಣು ಸಿಗತಿರಲಿಲ್ಲ. ನಮ್ಮವ್ವನ ಸರದಿ ಬಂದ ದಿನಾನೂ ಅದು ಕೆಮ್ಮೂದನ್ನ ನಾ ಕೇಳೇನಿ. ಯಾರೂ ನಂಬಲಿಲ್ಲ. ಇದೊಂದು ಮಾತು ಪೂರ್ತಿ ಕೇಳಬೇಕಂತನs ನಾ ಇಷ್ಟು ವರ್ಷ ಉಳಿದಿದ್ದೆಲ್ಲಾ ಕೂಡಿಟ್ಟೆ."

ನಮ್ಮ ಮನೆಯವರು, ಅಂದರೆ ನನ್ನ ಗಂಡ, ಒಳಗೆ ಗೋಡೆಗೆ ತಲೆ ಇಟ್ಟು ನಿಂತಿದ್ದರು. ಯಾರು ಹೋಗಬೇಕು ಎಂದು ಯಾರೂ ಕೇಳಲಿಲ್ಲ. ಕೇಳುವ ಮೊದಲೇ ಕಾಶವ್ವ, "ನಾ ಹೊಂಟೀನಿ ತಮ್ಮಾ, ಅದಕ್ಕ ಚರ್ಚಾ ಬ್ಯಾಡ. ಆದ್ರ ಅದಕ್ಕಿಂತ ಮೊದಲ ಆ ಮಾತು ಪೂರ್ತಿ ಕೇಳಬೇಕು," ಅಂದಳು. ಮಾವ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ಅವರ ಗಲ್ಲ ಅಲುಗಾಡುತ್ತಿತ್ತು.

ಅವಳು ಮನೆ ಮನೆಗೆ ಹೋಗಿ ಬೇಡಿಕೊಂಡಳು. ನಾಳೆ ಹಕ್ಕಿ ಬಂದರೆ ಒಂದು ಗಳಿಗೆ ಸುಮ್ಮನಿರಿ, ತಾಟು ಮುಟ್ಟಬೇಡಿ. ಎಲ್ಲರೂ ಮುಖ ತಿರುಗಿಸಿದರು. ನಮ್ಮ ಓಣಿಯ ಹಿರಿಯಳು ನಿಂಬವ್ವ ಬಾಗಿಲಿಗೇ ಬಂದು ಬೈದಳು. "ನಿನಗ ಹುಚ್ಚು ಹಿಡದೈತಿ ಅಂತ ಊರಿಗೆಲ್ಲಾ ಹಿಡಸಬ್ಯಾಡ ಕಾಶೀ. ಎರಡನೇ ಸಲ ಬಿತ್ತಂದ್ರ ನಿನ್ನ ತಮ್ಮನ್ನ ಕಳಸ್ತೀಯೇನು? ನಾ ನನ್ನ ತಂಗೀನ ಕಳಸಿ ಮನಿ ಉಳಿಸಿಕೊಂಡೇನಿ. ಗಂಡ ಸತ್ತು ನನ್ನ ಆಸರಕ್ಕ ಬಂದಿದ್ಲು ಪಾಪ, ನನ್ನ ಕೈಯಾರೆ ಉಡಿ ತುಂಬಿ ಕಳಸಿದೆ. ಎಲ್ಲಾರೂ ತಮ್ಮ ತಮ್ಮ ಪಾಲಿಂದು ಕೊಟ್ಟಾರ. ನಿನಗೊಬ್ಬಾಕಿಗೆ ಬ್ಯಾರೆ ನ್ಯಾಯ ಇಲ್ಲ."

ಕಾಶವ್ವ ಮನೆಗೆ ಬಂದು ಬಹಳ ಹೊತ್ತು ಆ ಖಾಲಿ ಗೋಡೆಯ ಮುಂದೆ ಕೂತಳು. ಆಮೇಲೆ ಎದ್ದು ಸೆರಗು ಕಟ್ಟಿಕೊಂಡಳು. "ಸಾತೂ, ಹೋಳಿಗಿ ಮಾಡೂಣು," ಅಂದಳು.

ಹೋಗುವವರ ಮನೆಯಲ್ಲಿ ಓಣಿಗೆಲ್ಲ ಊಟ ಹಾಕುವ ಪದ್ಧತಿ ಇದೆ. ಬಂದವರು ತಮ್ಮ ತಮ್ಮ ತಾಟು ತಾವೇ ತರಬೇಕು. ಅದು ನನಗೆ ಆ ಹೊತ್ತಿನಲ್ಲಿ ಹೊಳೆಯಲೇ ಇಲ್ಲ. ಬೇಳೆ ರುಬ್ಬುತ್ತ ಕೂತಾಗ ಅವಳೇ ಬಾಗಿ ಕಿವಿಯಲ್ಲಿ ಹೇಳಿದಳು. "ಎಲ್ಲಾರ ತಾಟೂ ನಮ್ಮ ಅಂಗಳಕ್ಕ ಬರತಾವು. ಅದರ ತುಂಬ ಹೋಳಿಗಿ ಇರತಾವು, ತುಪ್ಪ ಇರತೈತಿ. ತುಂಬಿದ ತಾಟು ಯಾರು ಬಡೀತಾರ?" ನನಗೆ ನಗು ಬಂತು, ನಗುತ್ತ ನಗುತ್ತ ಅಳು ಬಂತು. ಅಳುತ್ತಲೇ ಕಣಕ ನಾದಿದೆ.

ಮಾರನೆಯ ದಿನ ಬೆಳಗಿನಿಂದಲೇ ಕಾಶವ್ವ ಮಾಳಿಗೆಯ ಮೇಲೆ ಅನ್ನ, ಬಾಳೆಹಣ್ಣಿನ ಚೂರು ಹರಡಿ ಬಂದಳು. ಹಕ್ಕಿ ಬರಲಿಲ್ಲ. ಹೊತ್ತೇರಿತು, ಓಣಿಯ ಜನ ತಾಟು ಹಿಡಿದುಕೊಂಡು ಬಂದು ಅಂಗಳದಲ್ಲಿ ಸಾಲಾಗಿ ಕೂತರು. ಸಾವಿನ ಮನೆಯ ಊಟದಂತೆ ಯಾರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನಾನು ಬಡಿಸುತ್ತಿದ್ದೆ. ಹಕ್ಕಿ ಬರದಿದ್ದರೆ ಇವಳು ಸಂಜೆ ಹೋಗಿಬಿಡುತ್ತಾಳಲ್ಲ, ಬಂದು ಬೇರೆಯೇ ಏನಾದರೂ ಅಂದುಬಿಟ್ಟರೆ ಏನು ಗತಿ ಎಂದು ಯೋಚಿಸುತ್ತ ತುಪ್ಪವನ್ನೆಲ್ಲ ನಿಂಬವ್ವನ ತಾಟಿಗೇ ಸುರಿದುಬಿಟ್ಟೆ.

ಆಗ ಮಾಳಿಗೆಯ ಅಂಚಿಗೆ ಗೊರವಂಕ ಬಂದು ಕೂತಿತು. ಬಾಳೆಹಣ್ಣು ಕುಕ್ಕಿತು, ಕೊಕ್ಕು ಒರೆಸಿಕೊಂಡಿತು, ಹೇಳಿತು: "ಕಾಡು ಕೇಳಿದ್ದನ್ನು ಮನೆ ಕೊಡಲೇಬೇಕು."

ಅಂಗಳಕ್ಕೆ ಅಂಗಳವೇ ಬೆಚ್ಚಿಬಿತ್ತು. ಒಬ್ಬರಿಗೆ ತುತ್ತು ನೆತ್ತಿಗೇರಿತು. ನಿಂಬವ್ವ ಹಿಂದೆಮುಂದೆ ನೋಡದೆ ಹೋಳಿಗೆಯನ್ನೆಲ್ಲ ನೆಲಕ್ಕೆ ಸುರಿದು ತಾಟು ಎತ್ತಿದಳು. ನಾನು ತುಪ್ಪದ ತಂಬಿಗೆ ಬಿಸಾಕಿ ಅವಳ ಎರಡೂ ಕೈಗಳನ್ನು ಹಿಡಿದುಕೊಂಡೆ. "ಬಿಡs ಮೂಳಿ!" ಅಂತ ಅವಳು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಒಂದು ದನಿ ಬಂತು.

"ಯಾರೂ ಉಸಿರು ಬಿಡಬ್ಯಾಡ್ರಿ!"

ಮಾವ ಹೊಸ್ತಿಲ ಮೇಲೆ ನಿಂತಿದ್ದರು. ಅಷ್ಟು ದೊಡ್ಡ ದನಿ ಆ ಸಣ್ಣ ಮೈಯಲ್ಲಿ ಎಲ್ಲಿತ್ತೋ. ಎಲ್ಲರೂ ಹಾಗೆಯೇ ಕೂತರು. ಆ ಸದ್ದಿಗೆ ಹಕ್ಕಿ ಒಮ್ಮೆ ರೆಕ್ಕೆ ಬಿಚ್ಚಿತು, ಹಾರಿಹೋಯಿತು ಅಂದುಕೊಂಡೆ, ಹಾರಲಿಲ್ಲ. ಕತ್ತು ಕೊಂಕಿಸಿ ನಮ್ಮನ್ನು ನೋಡಿತು. ಆಮೇಲೆ ಕೆಮ್ಮಿತು. ಎಂದೋ ಸತ್ತ ಮುದುಕನೊಬ್ಬನ ಕೆಮ್ಮು, ಕಫ ಕಟ್ಟಿದ, ಬೇಗ ಮುಗಿಯದ ಕೆಮ್ಮು. ಕಾಶವ್ವ ತಲೆ ಮೇಲೆತ್ತಿ, ಎರಡೂ ಕೈಗಳಿಂದ ತನ್ನ ಬಾಯಿ ತಾನೇ ಮುಚ್ಚಿಕೊಂಡು ನಿಂತಿದ್ದಳು.

"ಅದು ಕೇಳುವುದು ಒಂದು ಉಡಿ ಬೀಜ," ಅಂದಿತು ಹಕ್ಕಿ. ಇನ್ನೊಂದು ಚೂರು ಬಾಳೆಹಣ್ಣು ತಿಂದು ಹಾರಿಹೋಯಿತು.

ಮೊದಲು ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ಒಬ್ಬೊಬ್ಬರಿಗೇ ತಿಳಿಯುತ್ತ ಹೋದದ್ದನ್ನು ನಾನು ಅವರ ಮುಖಗಳಲ್ಲಿ ನೋಡಿದೆ. ಹಿರೇಮನಿಯವರು ಒಂದು ಕಾಳನ್ನೂ ಕೊಡಲಿಲ್ಲ, ಕಾಡು ಬಂತು. ಉಳಿದವರೆಲ್ಲ ಉಡಿ ತುಂಬಿ ಕಳಿಸಿದರು, ಮನೆ ಉಳಿಯಿತು. ಕಾಡು ತನಗೆ ಬೇಕಾದದ್ದನ್ನು ಉಡಿಯಿಂದ ತೆಗೆದುಕೊಂಡಿತ್ತು. ಉಡಿ ಹೊತ್ತು ಹೋದವರನ್ನು ಅದು ಕೇಳಿಯೇ ಇರಲಿಲ್ಲ.

ನನ್ನ ಹಿಡಿತದಲ್ಲಿದ್ದ ನಿಂಬವ್ವನ ಕೈಗಳು ಸಡಿಲವಾದವು. ತಾಟು ಬಿತ್ತು. "ಸುಳ್ಳು," ಅಂದಳು. ಮತ್ತೆ ಎದ್ದು ನಿಂತು ಊರಿಗೆಲ್ಲ ಕೇಳುವಂತೆ ಕಿರುಚಿದಳು. "ಸುಳ್ಳು ಹೇಳತೈತಿ ಹಕ್ಕಿ! ಈಕಿನs ಕಲಿಸ್ಯಾಳು ಅದಕ್ಕ! ಕಾಶಿ ಹೋಗಲಿ, ಎಲ್ಲಾರ ಹಂಗ ಹೋಗಲಿ. ಹೊತ್ತು ಮುಳಗಿದ ಮ್ಯಾಲೆ ಯಾರರೆ ಬಾಗಲಾ ತಗದ್ರ ಅವರಿಗೂ ಈ ಊರಿಗೂ ಋಣ ಹರೀತು ಅಂತ ತಿಳಕೊಳ್ರಿ!" ಜನ ಹೌದೆಂದು ತಲೆ ಅಲ್ಲಾಡಿಸಿದರು. ಅವರಿಗೆ ಅವಳ ಮಾತು ಬೇಕಾಗಿತ್ತು. ಪ್ರತಿಯೊಬ್ಬರ ಮನೆಯಿಂದಲೂ ಯಾರೋ ಒಬ್ಬರು ಹೋಗಿದ್ದರು. ಊಟ ಅರ್ಧಕ್ಕೆ ಬಿಟ್ಟು ಎಲ್ಲರೂ ಎದ್ದು ಹೋದರು.

ಸಂಜೆ ನಾನೇ ಕಾಶವ್ವನ ಉಡಿ ತುಂಬಿದೆ. ಕಾಳು ಎಷ್ಟು ಸುರಿದರೂ ನನಗೆ ಸಾಕೆನಿಸಲಿಲ್ಲ. "ಕಾಡಿನ ಅಂಚಿನಾಗ ಸುರುವಿ ಓಡಿ ಬಂದಬಿಡ್ರಿ ಅಕ್ಕಾರ," ಅಂದೆ.

ಅವಳ ತುಟಿಗಳು ಒಣಗಿದ್ದವು. "ಕಾಡಿಗೆ ನಾ ಅಂಜೂದಿಲ್ಲ ಸಾತೂ. ಅದರ ಮಾತು ಪೂರ್ತಿ ಕೇಳೇನಿ. ನಿಮಗ ಅಂಜತೀನಿ. ನಾ ಬಂದು ಬಾಗಲಾ ಬಡೀತೀನಿ, ನೀವು ಒಳಗ ನಿಂತು ಒಬ್ಬರ ಮಾರಿ ಒಬ್ಬರು ನೋಡತೀರಿ," ಅಂದಳು. ನಾನು ಆಣೆ ಮಾಡಲು ಹೋದೆ. ಅವಳು ಕೇಳಿಸಿಕೊಳ್ಳಲು ನಿಲ್ಲಲಿಲ್ಲ, ಉಡಿ ಬಿಗಿಹಿಡಿದು ಹೊರಟುಬಿಟ್ಟಳು. ಓಣಿಯ ಬಾಗಿಲುಗಳು ಅವಳು ದಾಟಿದಂತೆ ಒಂದೊಂದಾಗಿ ಮುಚ್ಚಿಕೊಂಡವು.

ನಾವೂ ಬಾಗಿಲು ಹಾಕಿ ಅಗಳಿ ಇಟ್ಟೆವು. ನಾನು ದೀಪ ಹಚ್ಚಿದೆ. ಮೂವರೂ ಪಡಸಾಲೆಯಲ್ಲಿ ಕೂತೆವು, ಗೋಡೆಯ ಮೇಲೆಲ್ಲ ಅಜ್ಜನ ಮಾತುಗಳು. ಹೊರಗೆ ಕತ್ತಲಾಗುತ್ತ ಬಂತು. ಅವಳು ಬರುತ್ತಾಳೆ ಅಂದುಕೊಂಡರೆ ಒಂದು ಹೆದರಿಕೆ, ಬರುವುದಿಲ್ಲ ಅಂದುಕೊಂಡರೆ ಇನ್ನೊಂದು.

ಬಾಗಿಲು ಬಡಿದ ಸದ್ದಾಯಿತು.

"ತಮ್ಮಾ, ನಾನು. ಬಾಗಲಾ ತೆಗಿ."

ಕಾಶವ್ವನದೇ ದನಿ. ನಮ್ಮ ಮನೆಯವರು ಎದ್ದರು, ಎರಡು ಹೆಜ್ಜೆ ಹಾಕಿ ನಿಂತುಬಿಟ್ಟರು. ಅವಳು ಹೇಳಿದ್ದಂತೆಯೇ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಹುಟ್ಟಿದಾಗಿನಿಂದ ಕೇಳಿದ ಹೆದರಿಕೆ ಒಂದು ಮಧ್ಯಾಹ್ನದಲ್ಲಿ ಬಿಟ್ಟುಹೋಗುತ್ತದೆಯೇ? ಅದು ಅವಳಲ್ಲದಿದ್ದರೆ? "ಸಾತೂ," ಅಂದಿತು ದನಿ, "ನನಗ ಗೊತ್ತಿತ್ತು ಬಿಡು."

ಮಾವ ಯಾವಾಗ ಎದ್ದರೋ ನೋಡಲಿಲ್ಲ. ಕಂಬಳಿ ನೆಲಕ್ಕೆ ಬಿದ್ದಿತ್ತು. ಮುದುಕ ಬಾಗಿಲ ಹತ್ತಿರ ನಿಂತು ಎರಡೂ ಕೈಯಲ್ಲಿ ಅಗಳಿ ಜಗ್ಗುತ್ತಿದ್ದರು. ಅದು ಸರಿಯಲಿಲ್ಲ, ನಾನು ಓಡಿಹೋಗಿ ಕೈ ಸೇರಿಸಿದೆ. ಬಾಗಿಲು ತೆರೆಯಿತು. ಹೊಸ್ತಿಲ ಆಚೆ ಕಾಶವ್ವ ನಿಂತಿದ್ದಳು. ಕಾಲಿಗೆ ಕೆಸರು, ಸೆರಗಿಗೆ ಮುಳ್ಳು, ಉಡಿ ಖಾಲಿ. ನಾನು ಅವಳ ಕೆನ್ನೆ, ಕಿವಿ, ತೋಳು ಎಲ್ಲ ಮುಟ್ಟಿ ಮುಟ್ಟಿ ನೋಡಿದೆ. ಬೆಚ್ಚಗಿದ್ದಳು. ಅವಳನ್ನು ತಬ್ಬಿಕೊಂಡು ಜೋರಾಗಿ ಅತ್ತುಬಿಟ್ಟೆ, ಓಣಿ ಕೇಳಿದರೆ ಕೇಳಲಿ ಅಂತ.

ಮಾವ ಮಗಳನ್ನು ನೋಡುತ್ತಿರಲಿಲ್ಲ. ಅವಳ ಭುಜದ ಮೇಲಿಂದ ಹೊರಗಿನ ಕತ್ತಲೆಯನ್ನು ನೋಡುತ್ತಿದ್ದರು.

"ಅಕಿನೂ ಹಿಂಗ ಕರದಿದ್ಲವ್ವಾ," ಅಂದರು. "ನೀ ಎರಡು ಸಲ ಕರದಿ. ಅಕಿ ಭಾಳ ಹೊತ್ತು ಕರದ್ಲು. ಕೂಸಿಗೆ ಹಾಲು ಕುಡಿಸಿ ಹೋಗತೀನಿ, ಅಷ್ಟರೆ ತೆಗೀರಿ ಅಂದ್ಲು."

ನಮ್ಮ ಮನೆಯವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಕಾಶವ್ವ ಅಪ್ಪನ ಕೈ ಹಿಡಿದು ಒಳಗೆ ಕರೆದಳು, ಅವರು ಬರಲಿಲ್ಲ. ಎದುರು ಮನೆಯಲ್ಲಿ, ಮುಚ್ಚಿದ ಬಾಗಿಲಿನ ಹಿಂದೆ, ನಿಂಬವ್ವ ತನ್ನ ತಂಗಿಯ ಹೆಸರು ಹಿಡಿದು ಅಳುವುದು ಕೇಳಿಸುತ್ತಿತ್ತು.

ಆ ಖಾಲಿ ಗೋಡೆಯ ಮೇಲೆ ಕಾಶವ್ವ ಮರುದಿನ ಉಳಿದರ್ಧವನ್ನು ಬರೆದಳು. ಈಗ ಆ ಮಾತು ಬಿದ್ದರೆ ಜನ ಉಡಿ ಕಾಳು ಸುರಿದು ಬರುತ್ತಾರೆ, ತಾಟು ಬಡಿಯುವುದಿಲ್ಲ. ಆದರೆ ನಮ್ಮ ಮನೆಯ ಬಾಗಿಲಿಗೆ ಅಗಳಿ ಇಲ್ಲ. ಮಾವ ಅದನ್ನು ಅವತ್ತೇ ಕಿತ್ತು ಒಲೆಗೆ ಹಾಕಿದರು. ಸಂಜೆಯಾದರೆ ಹೊಸ್ತಿಲ ಪಕ್ಕ ಕೂರುತ್ತಾರೆ. ಥಂಡಿ ಗಾಳಿ ಬರುತ್ತದೆ ಮಾವಾರ, ಬಾಗಿಲು ಮುಂದೆ ಮಾಡಲೇ ಎಂದು ನಾನು ಕೇಳುತ್ತೇನೆ.

"ತಡಿಯವ್ವಾ, ಇನ್ನೊಂದು ಸ್ವಲ್ಪ ಹೊತ್ತು," ಅನ್ನುತ್ತಾರೆ.